ನೂರಕ್ಕೆ ತೊಂಬತ್ತಾರು ಮಂದಿ ಇಂಗ್ಲಿಷಿಗೆ. ಉಳಿದವರಿಗೆ ಮಂಡಲಕ್ಕೊಂದು ಶಾಲೆ

ಬೆಂಗಳೂರು: ಶೇ. 96.17. ನೆರೆಯ ಆಂಧ್ರಪ್ರದೇಶದ ಶಿಕ್ಷಣ ರಾಜಕಾರಣದಲ್ಲಿ ಈ ಅಂಕಿಯಷ್ಟು ಕೆಲಸ ಮಾಡಿದ ಅಂಕಿ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದಿರಲಾರದು. 2020ರ ಏಪ್ರಿಲ್ ತಿಂಗಳ ಉತ್ತರಾರ್ಧ. ಲಾಕ್‌ಡೌನ್‌ನಿಂದಾಗಿ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ದಿನಗಳಲ್ಲಿ, ಅಲ್ಲಿನ ಸರಕಾರಿ ಶಾಲೆಗಳ ಒಂದರಿಂದ ಐದನೆಯ ತರಗತಿಯ ಮಕ್ಕಳ ತಂದೆ ತಾಯಂದಿರ ಮುಂದೆ ಒಂದು ನಮೂನೆಯನ್ನು ಇಡಲಾಯಿತು. ಮಗು ಯಾವ ಮಾಧ್ಯಮದಲ್ಲಿ ಓದಬೇಕು? ಮೂರು ಆಯ್ಕೆಗಳು, ಒಂದು ಸಹಿ. ಕೆಲವೇ ದಿನಗಳಲ್ಲಿ ಸುಮಾರು 17.8 ಲಕ್ಷ ಮಕ್ಕಳ ಲೆಕ್ಕ ಸಿದ್ಧವಾಯಿತು. ಇಂಗ್ಲಿಷ್ ಮಾಧ್ಯಮಕ್ಕೆ ಶೇ. 96.17, ತೆಲುಗು ಮಾಧ್ಯಮಕ್ಕೆ ಶೇ. 3.05, ಇತರ ಭಾಷೆಗಳಿಗೆ ಶೇ. 0.78.

ಅಂದಿನ ಮುಖ್ಯಮಂತ್ರಿ ವೈ.ಎಸ್. ಜಗನ್ ಮೋಹನ್ ರೆಡ್ಡಿ ಅವರ ಸರಕಾರಕ್ಕೆ ಇದಕ್ಕಿಂತ ದೊಡ್ಡ ಜನಾದೇಶ ಬೇಕಿರಲಿಲ್ಲ. ಒಂದು ತಿಂಗಳೊಳಗೆ ಹೊಸ ಆದೇಶ ಹೊರಬಿತ್ತು. ಸರಕಾರಿ ಶಾಲೆಗಳು ಇಂಗ್ಲಿಷ್ ಮಾಧ್ಯಮಕ್ಕೆ ಹೊರಳುತ್ತವೆ. ತೆಲುಗು ಮಾಧ್ಯಮವೇ ಬೇಕೆನ್ನುವವರಿಗಾಗಿ ಪ್ರತಿ ಮಂಡಲ ಕೇಂದ್ರದಲ್ಲಿ ಒಂದೊಂದು ತೆಲುಗು ಶಾಲೆ ಇರುತ್ತದೆ, ದೂರದ ಮಕ್ಕಳಿಗೆ ಸಾರಿಗೆಯ ವ್ಯವಸ್ಥೆಯಾಗುತ್ತದೆ ಎಂಬುದು ಅದರ ಸಾರ. ಬಹುಮತದ ಮಾತನ್ನು ನಡೆಸಿಕೊಟ್ಟು ಅಲ್ಪಮತಕ್ಕೂ ಜಾಗ ಕೊಟ್ಟಂತೆ ಕಾಣುವ ಈ ಏರ್ಪಾಟನ್ನು ತುಸು ಹತ್ತಿರದಿಂದ ನೋಡಬೇಕಾದ ಅಗತ್ಯ ಕರ್ನಾಟಕದವರಿಗೂ ಇದೆ. ಏಕೆಂದರೆ ಈ ಕಥೆಯ ಕಾನೂನಿನ ಬೇರು ಇರುವುದು ನಮ್ಮಲ್ಲಿ. ದ್ವಿಭಾಷಾ ತರಗತಿ, ಕರ್ನಾಟಕ ಪಬ್ಲಿಕ್ ಶಾಲೆಗಳ ರೂಪದಲ್ಲಿ ಅದೇ ಪ್ರಶ್ನೆ ಈಗ ಇಲ್ಲಿನ ಹಳ್ಳಿಗಳ ಬಾಗಿಲಿಗೂ ಬಂದಿದೆ.

ಆದೇಶದಿಂದ ನ್ಯಾಯಾಲಯಕ್ಕೆ

2019ರ ಮೇ ತಿಂಗಳಲ್ಲಿ 175 ಸ್ಥಾನಗಳ ಪೈಕಿ 151ನ್ನು ಗೆದ್ದು ಅಧಿಕಾರಕ್ಕೆ ಬಂದಿದ್ದ ವೈಎಸ್ಆರ್ ಕಾಂಗ್ರೆಸ್ ಸರಕಾರ ಅದೇ ನವೆಂಬರ್‌ನಲ್ಲಿ ಮಾಧ್ಯಮ ಬದಲಾವಣೆಯ ಆದೇಶ ಹೊರಡಿಸಿತು. ಮೊದಲ ಆದೇಶದಲ್ಲಿ ಒಂದರಿಂದ ಎಂಟನೆಯ ತರಗತಿ ಎಂದಿದ್ದುದು ಕೆಲವೇ ದಿನಗಳಲ್ಲಿ ಒಂದರಿಂದ ಆರಕ್ಕೆ ಇಳಿಯಿತು. ತೆಲುಗು ಅಥವಾ ಉರ್ದು ಕಡ್ಡಾಯ ವಿಷಯವಾಗಿ ಉಳಿಯುತ್ತದೆ, ಪಾಠ ಮಾತ್ರ ಇಂಗ್ಲಿಷಿನಲ್ಲಿ ಎಂಬುದು ಯೋಜನೆ.

ವಿರೋಧ ಬರುವುದು ಸಹಜವೇ ಆಗಿತ್ತು. ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಮಾತೃಭಾಷೆಯ ಪರವಾಗಿ ಮಾತನಾಡಿದರು. ಎನ್. ಚಂದ್ರಬಾಬು ನಾಯ್ಡು ಮತ್ತು ಪವನ್ ಕಲ್ಯಾಣ್ ಆಕ್ಷೇಪವೆತ್ತಿದರು. ಆಡಳಿತ ಪಕ್ಷದ ಸಂಸದರಾಗಿದ್ದ ರಘುರಾಮ ಕೃಷ್ಣರಾಜು ಲೋಕಸಭೆಯಲ್ಲಿ ತೆಲುಗಿನ ಪರವಾಗಿ ನಿಂತು ಸ್ವಪಕ್ಷದ ಮುನಿಸಿಗೆ ಗುರಿಯಾದರು. ಜಗನ್ ಅವರ ಮರುಪ್ರಶ್ನೆ ನೇರವಾಗಿತ್ತು: ಆಕ್ಷೇಪಿಸುವ ನಾಯಕರ ಮಕ್ಕಳು, ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿ ಓದಿದ್ದಾರೆ? ಇದಕ್ಕೆ ತೃಪ್ತಿಕರ ಉತ್ತರ ಯಾರಿಂದಲೂ ಬರಲಿಲ್ಲ ಎನ್ನದೆ ವಿಧಿಯಿಲ್ಲ. ಕಂಚ ಐಲಯ್ಯ ಅವರಂಥ ಚಿಂತಕರು ಈ ನಿರ್ಧಾರವನ್ನು ಬಹಿರಂಗವಾಗಿ ಬೆಂಬಲಿಸಿದ್ದೂ ಇದೇ ಕಾರಣಕ್ಕೆ. ಹಣವಿದ್ದವರ ಮಕ್ಕಳಿಗೆ ಇಂಗ್ಲಿಷ್, ಕೂಲಿಯವರ ಮಕ್ಕಳಿಗೆ ಮಾತೃಭಾಷೆಯ ಮಹಿಮೆ ಎಂಬ ಹಂಚಿಕೆಯನ್ನು ದಲಿತ, ಹಿಂದುಳಿದ ಸಮುದಾಯಗಳು ಒಪ್ಪಬೇಕಾಗಿಲ್ಲ ಎಂಬ ವಾದದಲ್ಲಿ ಹುರುಳಿದೆ. ಶೇ. 96ರ ಹಿಂದೆ ಈ ಹಸಿವು ನಿಜವಾಗಿಯೂ ಇತ್ತು. ಅದನ್ನು ಅಲ್ಲಗಳೆದು ಮುಂದೆ ಹೋಗುವ ಯಾವ ವಿಶ್ಲೇಷಣೆಯೂ ಪ್ರಾಮಾಣಿಕವಾಗಲಾರದು.

2020ರ ಏಪ್ರಿಲ್ 15ರಂದು ಆಂಧ್ರಪ್ರದೇಶ ಹೈಕೋರ್ಟ್ ಎರಡೂ ಆದೇಶಗಳನ್ನು ರದ್ದುಗೊಳಿಸಿತು. ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣ, ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ನಡೆಯಬೇಕೆಂದು ಹೇಳುತ್ತದೆ. ಅದರ ಜೊತೆಗೆ ನ್ಯಾಯಾಲಯ ಆಧರಿಸಿದ್ದು, ಮಾಧ್ಯಮದ ಆಯ್ಕೆ ಸಂವಿಧಾನದ 19ನೆಯ ವಿಧಿ ಕೊಡುವ ಸ್ವಾತಂತ್ರ್ಯದ ಭಾಗ ಎಂಬ ತತ್ವವನ್ನು.

ಆ ತತ್ವ ರೂಪುಗೊಂಡದ್ದು ಕರ್ನಾಟಕದ ಪ್ರಕರಣದಲ್ಲಿ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕು ಎಂದು ಕರ್ನಾಟಕ ಸರಕಾರ 1994ರಲ್ಲಿ ಹೊರಡಿಸಿದ ಆದೇಶವನ್ನು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಪ್ರಶ್ನಿಸಿದ್ದವು. 2008ರ ಜುಲೈನಲ್ಲಿ ರಾಜ್ಯ ಹೈಕೋರ್ಟ್‌ನ ಪೂರ್ಣಪೀಠ, 2014ರ ಮೇ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಆಯ್ಕೆ ಪೋಷಕರದೇ ಹೊರತು ಸರಕಾರದ್ದಲ್ಲ ಎಂದು ತೀರ್ಪಿತ್ತವು. ಕನ್ನಡದ ಹೇರಿಕೆ ಸಲ್ಲದು ಎಂದು ಕರ್ನಾಟಕವನ್ನು ಸೋಲಿಸಿದ ಅದೇ ತತ್ವ ಆರು ವರ್ಷಗಳ ಬಳಿಕ ಇಂಗ್ಲಿಷಿನ ಹೇರಿಕೆಯೂ ಸಲ್ಲದು ಎಂದು ಆಂಧ್ರವನ್ನು ಸೋಲಿಸಿತು. ವಿಧಿಯ ವಿಡಂಬನೆ ಎಂದರೆ ಇದೇ ಇರಬೇಕು.

ಆಯ್ಕೆ ಪೋಷಕರದು ಎಂದ ಮೇಲೆ ಪೋಷಕರನ್ನೇ ಕೇಳಿಬಿಡೋಣ ಎಂಬ ತೀರ್ಮಾನಕ್ಕೆ ಜಗನ್ ಸರಕಾರ ಬಂದದ್ದು ಇಲ್ಲಿಂದ. ತೀರ್ಪಿನ ಒಂದು ವಾರದೊಳಗೆ ಅಭಿಪ್ರಾಯ ಸಂಗ್ರಹದ ಸುತ್ತೋಲೆ ಹೊರಟಿತು.

ನಮೂನೆ ತಂದವರು

ಜನಾಭಿಪ್ರಾಯ ಸಂಗ್ರಹದಲ್ಲಿ ಪ್ರಶ್ನೆಯಷ್ಟೇ ಮುಖ್ಯವಾದುದು ಪ್ರಶ್ನೆಯನ್ನು ಹೊತ್ತು ತರುವ ವ್ಯಕ್ತಿ. ಚುನಾವಣಾ ಸಮೀಕ್ಷೆ ನಡೆಸುವ ಸಂಸ್ಥೆಗಳು ತಮ್ಮ ಸಿಬ್ಬಂದಿಯನ್ನು ಅಪರಿಚಿತರಾಗಿಯೇ ಉಳಿಸಲು ಶ್ರಮಿಸುವುದು ಇದೇ ಕಾರಣಕ್ಕೆ. ಕೇಳುವವನು ಯಾರ ಮನುಷ್ಯ ಎಂಬುದು ಗೊತ್ತಾದ ಕ್ಷಣ ಉತ್ತರ ಬಾಗುತ್ತದೆ.

ಆಂಧ್ರದಲ್ಲಿ ನಮೂನೆ ಮನೆಗೆ ಬಂದದ್ದು ಗ್ರಾಮ ಮತ್ತು ವಾರ್ಡು ಸ್ವಯಂಸೇವಕರ ಕೈಯಲ್ಲಿ. 2019ರ ಸ್ವಾತಂತ್ರ್ಯ ದಿನದಂದು ಆರಂಭವಾದ ಈ ವ್ಯವಸ್ಥೆಯಲ್ಲಿ ಹಳ್ಳಿಗಳಲ್ಲಿ ಸುಮಾರು ಐವತ್ತು ಮನೆಗೊಬ್ಬರಂತೆ ರಾಜ್ಯದಾದ್ಯಂತ ಎರಡೂವರೆ ಲಕ್ಷದಷ್ಟು ಮಂದಿ ನೇಮಕಗೊಂಡಿದ್ದರು. ತಿಂಗಳಿಗೆ ಐದು ಸಾವಿರ ರೂಪಾಯಿ ಗೌರವಧನ. 2020ರ ಫೆಬ್ರುವರಿಯಿಂದ ತಿಂಗಳ ಮೊದಲ ದಿನ ಮುದುಕರ, ವಿಧವೆಯರ ಪಿಂಚಣಿಯನ್ನು ಮನೆ ಬಾಗಿಲಿಗೆ ತಲುಪಿಸುತ್ತಿದ್ದವರು ಇವರೇ. ಯಾವ ಮನೆಗೆ ಯಾವ ಯೋಜನೆ ಸಲ್ಲಬೇಕು ಎಂಬ ವಿವರ ಕಲೆಹಾಕುತ್ತಿದ್ದವರೂ ಇವರೇ. ಅದೇ ಜನವರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರ ಖಾತೆಗೆ ವರ್ಷಕ್ಕೆ 15 ಸಾವಿರ ರೂಪಾಯಿ ಹಾಕುವ 'ಅಮ್ಮ ಒಡಿ' ಯೋಜನೆ ಜಾರಿಗೆ ಬಂದಿತ್ತು.

ಈಗ ಆ ಮನೆಯ ಹೊಸ್ತಿಲನ್ನು ಕಲ್ಪಿಸಿಕೊಳ್ಳಬೇಕು. ಕೂಲಿ ನಿಂತಿದೆ. ಮನೆಯಲ್ಲಿ ಅತ್ತೆಯ ಪಿಂಚಣಿ ಬರಬೇಕು, ಮಗುವಿನ ಹೆಸರಿನ ಹಣ ಮುಂದಿನ ವರ್ಷವೂ ಬರಬೇಕು. ಅದನ್ನೆಲ್ಲ ತರುವ ಯುವಕ, ಅಥವಾ ಯುವತಿ, ಮುಖ್ಯಮಂತ್ರಿಯವರ ಹೆಮ್ಮೆಯ ಯೋಜನೆಯ ಬಗ್ಗೆ ಹೆಸರು ಬರೆದು ಸಹಿ ಮಾಡುವ ಕಾಗದ ತಂದಿದ್ದಾರೆ. ಯಾರೂ ಬೆದರಿಸಬೇಕಾಗಿಲ್ಲ, ಕೇಳಿದರೆ ಸಾಕು. ಇದು ಗುಪ್ತ ಮತದಾನವಂತೂ ಆಗಿರಲಿಲ್ಲ. ಯಾವ ಮಗುವಿನ ತಾಯಿ ಯಾವ ಚೌಕಕ್ಕೆ ಗುರುತು ಹಾಕಿದಳು ಎಂಬುದು ನಮೂನೆಯಲ್ಲೇ ಇತ್ತು.

ಹಾಗೆಂದು ಫಲಿತಾಂಶವೆಲ್ಲ ಕಟ್ಟುಕಥೆ ಎನ್ನಲಾಗದು. ಸ್ವಯಂಸೇವಕರ ಬದಲು ಮುಚ್ಚಿದ ಪೆಟ್ಟಿಗೆ ಇಟ್ಟಿದ್ದರೂ ಇಂಗ್ಲಿಷಿಗೇ ಬಹುಮತ ಬರುತ್ತಿತ್ತು ಎಂಬುದರಲ್ಲಿ ಸಂದೇಹ ಕಡಿಮೆ. ಸಾಲ ಮಾಡಿ ಮಕ್ಕಳನ್ನು ಕಾನ್ವೆಂಟ್ ವ್ಯಾನು ಹತ್ತಿಸುವ ಹಳ್ಳಿಗಳು ವರ್ಷಗಳಿಂದ ತಮ್ಮ ಮತವನ್ನು ಕಾಲಿನಿಂದಲೇ ಚಲಾಯಿಸುತ್ತಿವೆ. ಆದರೆ ಎಪ್ಪತ್ತಕ್ಕೂ ತೊಂಬತ್ತಾರಕ್ಕೂ ಅಂತರವಿದೆ. ನೂರಕ್ಕೆ ಮೂವತ್ತು ಮಂದಿ ತೆಲುಗು ಕೇಳಿದ್ದರೆ ಪ್ರತಿ ಊರಿನಲ್ಲೂ ತೆಲುಗು ತರಗತಿ ಉಳಿಯುತ್ತಿತ್ತು. ಮೂವರು ಕೇಳಿದಾಗ ಅದು ಮಂಡಲ ಕೇಂದ್ರಕ್ಕೆ ಹೋಯಿತು.

ಈ ವ್ಯವಸ್ಥೆಯ ಪ್ರಭಾವದ ಬಗ್ಗೆ ಅನುಮಾನ ವಿರೋಧ ಪಕ್ಷಗಳಿಗೆ ಮಾತ್ರ ಇದ್ದದ್ದಲ್ಲ. 2024ರ ಚುನಾವಣೆಗೆ ಮುನ್ನ ಚುನಾವಣಾ ಆಯೋಗ ಸ್ವಯಂಸೇವಕರು ಪಿಂಚಣಿ ಮುಂತಾದ ಹಣ ಹಂಚುವುದನ್ನೇ ತಡೆಯಿತು. ಮತದ ಪೆಟ್ಟಿಗೆಯ ಸಮೀಪ ಸಲ್ಲದವರು ಶಾಲೆಯ ಅಭಿಪ್ರಾಯ ಸಂಗ್ರಹಕ್ಕೆ ಹೇಗೆ ಸಲ್ಲುತ್ತಾರೆ ಎಂದು 2020ರಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು.

ನಮೂನೆಯಲ್ಲಿ ಇಲ್ಲದ ಆಯ್ಕೆ

ಮೂರು ಆಯ್ಕೆಗಳಲ್ಲಿ ಮೊದಲನೆಯದು ತೆಲುಗು ಕಡ್ಡಾಯ ವಿಷಯವಾಗಿರುವ ಇಂಗ್ಲಿಷ್ ಮಾಧ್ಯಮ. ಎರಡನೆಯದು ತೆಲುಗು ಮಾಧ್ಯಮ. ಮೂರನೆಯದು ಇತರ ಭಾಷಾ ಮಾಧ್ಯಮ. ಮೊದಲ ಆಯ್ಕೆಯಲ್ಲಿ ಎರಡೂ ಭಾಷೆಗಳು ಸಿಗುತ್ತವೆ ಎಂಬ ಭರವಸೆ ಇದೆ. ಎರಡನೆಯದರಲ್ಲಿ ಇಂಗ್ಲಿಷಿನ ಮಾತೇ ಇಲ್ಲ. ಎರಡು ಸಿಗುವ ಕಡೆ ಬಿಟ್ಟು ಒಂದು ಸಿಗುವ ಕಡೆ ಯಾವ ತಾಯಿ ಹೋದಾಳು? ತೆಲುಗು ಮಾಧ್ಯಮದ ಶಾಲೆಯಲ್ಲೂ ಇಂಗ್ಲಿಷನ್ನು ವಿಷಯವಾಗಿ ಕಲಿಸಲಾಗುತ್ತಿತ್ತು ಎಂಬುದು ನಿಜ. ಅದನ್ನು ಚೆನ್ನಾಗಿ ಕಲಿಸುತ್ತೇವೆ ಎಂಬ ಒಂದು ಸಾಲು ಎರಡನೆಯ ಆಯ್ಕೆಗೆ ಸೇರಿದ್ದರೆ ಲೆಕ್ಕ ಬೇರೆಯಾಗುತ್ತಿತ್ತೇನೋ.

ಇನ್ನೂ ದೊಡ್ಡ ಕೊರತೆ ಬೇರೊಂದಿದೆ. ಇದೇ ಶಾಲೆಯಲ್ಲಿ ಎರಡೂ ಮಾಧ್ಯಮದ ತರಗತಿಗಳು ಅಕ್ಕಪಕ್ಕ ನಡೆಯಲಿ ಎಂಬ ಆಯ್ಕೆ ಇರಲಿಲ್ಲ. ತೆಲುಗು ಬೇಕೆಂದರೆ ಶಾಲೆ ಎಲ್ಲಿರುತ್ತದೆ ಎಂಬುದನ್ನೂ ನಮೂನೆ ಹೇಳಲಿಲ್ಲ. ಮಂಡಲ ಕೇಂದ್ರದ ಶಾಲೆಯ ಏರ್ಪಾಟು ಆದೇಶವಾಗಿ ಬಂದದ್ದು ಸಹಿ ಬಿದ್ದ ಮೇಲೆ. ಜನ ಮಾಧ್ಯಮದ ಬಗ್ಗೆ ಉತ್ತರ ಕೊಟ್ಟರು. ಆ ಉತ್ತರದ ಆಧಾರದ ಮೇಲೆ ಸರಕಾರ ದೂರವನ್ನು ನಿರ್ಧರಿಸಿತು.

ಮೂರರ ಲೆಕ್ಕ

ಶೇ. 3.05 ಎಂದರೆ ಕಿವಿಗೆ ಬೀಳದಷ್ಟು ಸಣ್ಣ ಸಂಖ್ಯೆ. ಮಕ್ಕಳ ಲೆಕ್ಕಕ್ಕೆ ತಿರುಗಿಸಿದರೆ ಅದು ಸುಮಾರು 54 ಸಾವಿರ. ಆಂಧ್ರದಲ್ಲಿ ಅಂದು ಇದ್ದ ಮಂಡಲಗಳು ಸುಮಾರು 670. ನಮ್ಮ ತಾಲೂಕಿಗಿಂತ ಚಿಕ್ಕದು, ಹೋಬಳಿಗೆ ಹತ್ತಿರವಾದುದು ಅಲ್ಲಿನ ಮಂಡಲ. ಭಾಗಿಸಿದರೆ ಮಂಡಲಕ್ಕೆ ಸರಾಸರಿ ಎಂಬತ್ತು ಮಕ್ಕಳು. ಐದು ತರಗತಿಗೆ ಹಂಚಿದರೆ ತರಗತಿಗೆ ಹದಿನಾರು. ಕಾಗದದ ಮೇಲೆ ಇದು ಒಂದು ಚೆಂದದ ಶಾಲೆ. ಮಂಡಲಕ್ಕೊಂದು ಶಾಲೆ ಎಂಬ ಸೂತ್ರ ಹುಟ್ಟಿದ್ದು ಬಹುಶಃ ಇದೇ ಭಾಗಾಕಾರದಿಂದ.

ಆದರೆ ಆ ಎಂಬತ್ತು ಮಕ್ಕಳು ಮಂಡಲ ಕೇಂದ್ರದಲ್ಲಿ ಇಲ್ಲ. ರಾಜ್ಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸರಕಾರಿ ಪ್ರಾಥಮಿಕ ಶಾಲೆಗಳಿದ್ದವು. 54 ಸಾವಿರವನ್ನು ಅವುಗಳಿಗೆ ಹಂಚಿದರೆ ಶಾಲೆಗೆ ಇಬ್ಬರು ಮಕ್ಕಳೂ ಸಿಗುವುದಿಲ್ಲ. ವಾಸ್ತವದಲ್ಲಿ ಮಕ್ಕಳು ಹೀಗೆ ಸಮನಾಗಿ ಹರಡಿರುವುದಿಲ್ಲ. ಕೆಲವು ಊರುಗಳಲ್ಲಿ ಹತ್ತು ಹದಿನೈದು ಮಂದಿ, ಬಹಳಷ್ಟು ಊರುಗಳಲ್ಲಿ ಒಬ್ಬರೂ ಇಲ್ಲ ಎಂದಿರಬಹುದು. ರಾಜ್ಯದ ಸರಾಸರಿ ಈ ಏರುತಗ್ಗನ್ನು ಮುಚ್ಚಿಹಾಕುತ್ತದೆ. ಹದಿನೈದು ಮಂದಿ ಕೇಳಿದ ಊರಿಗೆ ಅಲ್ಲೇ ಒಂದು ತೆಲುಗು ವಿಭಾಗ ಕೊಡಬಹುದಿತ್ತು. ಶೇಕಡಾವಾರು ಲೆಕ್ಕವನ್ನು ರಾಜ್ಯಮಟ್ಟದಲ್ಲಿ ಕೂಡಿದ್ದರಿಂದ ಆ ಊರಿನ ಹದಿನೈದು ಮಂದಿಯೂ ಶೇ. 3ರಲ್ಲಿ ಕರಗಿಹೋದರು.

ಚುನಾವಣೆಗೂ ಶಾಲೆಗೂ ಇರುವ ವ್ಯತ್ಯಾಸ ಇಲ್ಲಿದೆ. ರಾಜ್ಯಕ್ಕೆ ಒಂದೇ ಸರಕಾರ ಇರಬಹುದು, ಆದ್ದರಿಂದ ರಾಜ್ಯದ ಬಹುಮತ ಸಾಕು. ಪ್ರಾಥಮಿಕ ಶಾಲೆ ಇರುವುದು ಕೇರಿಯಲ್ಲಿ. ಶಿಕ್ಷಣ ಹಕ್ಕು ಕಾಯಿದೆಯಡಿ ಕೇಂದ್ರ ರೂಪಿಸಿದ 2010ರ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಗುವಿಗೆ ನಡೆದುಹೋಗುವ ಒಂದು ಕಿಲೋಮೀಟರ್ ಅಂತರದಲ್ಲಿ ಶಾಲೆ ಇರಬೇಕು ಎನ್ನುತ್ತವೆ. ಆರು ವರ್ಷದ ಮಗುವನ್ನು ಬೆಳಿಗ್ಗೆ ಎಂಟಕ್ಕೆ ಬಸ್ಸಿಗೆ ಹತ್ತಿಸಿ ಮಂಡಲ ಕೇಂದ್ರಕ್ಕೆ ಕಳುಹಿಸುವ ಆಯ್ಕೆ ಕಾಗದದ ಮೇಲೆ ಮಾತ್ರ ಆಯ್ಕೆ. ಮಳೆಗಾಲದಲ್ಲಿ ಬಸ್ಸು ತಪ್ಪಿದ ಮೊದಲ ವಾರವೇ ತೆಲುಗಿಗೆ ಸಹಿ ಹಾಕಿದ ತಂದೆ ಊರಿನ ಇಂಗ್ಲಿಷ್ ತರಗತಿಗೆ ಮಗಳನ್ನು ಸೇರಿಸಿದರೆ ಅದರಲ್ಲಿ ಅಚ್ಚರಿ ಏನಿದೆ? ಮುಂದಿನ ವರ್ಷದ ದಾಖಲಾತಿ ಪುಸ್ತಕದಲ್ಲಿ ಆತನೂ ಇಂಗ್ಲಿಷ್ ಬಯಸಿದವನಾಗಿಯೇ ಕಾಣುತ್ತಾನೆ.

ಸರಕಾರ ಮಾಡಿದ ಒಂದು ಕೆಲಸ ಮೆಚ್ಚತಕ್ಕದ್ದು. 2020-21ರಿಂದ ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇರುವ ದ್ವಿಭಾಷಾ ಪಠ್ಯಪುಸ್ತಕಗಳನ್ನು ಮಕ್ಕಳಿಗೆ ಕೊಡಲಾಯಿತು. ಎರಡು ಮಾಧ್ಯಮ ಒಂದೇ ಕೋಣೆಯಲ್ಲಿ ಕೂರಬಲ್ಲವು ಎಂಬುದನ್ನು ಪುಸ್ತಕವೇ ತೋರಿಸಿಕೊಟ್ಟಿತು. ನಮೂನೆ ಅದನ್ನು ಕೇಳಿರಲಿಲ್ಲ.

ರಾಜ್ಯ ಸರಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗಲೂ ಶೇ. 96ರ ಅಂಕಿ ಜೊತೆಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೈಕೋರ್ಟ್ ತೀರ್ಪಿಗೆ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ.

ಹ್ಯಾಂಬರ್ಗ್ ಹೇಳುವ ಮಾತು

ಶಾಲೆಯ ವಿಷಯದಲ್ಲಿ ಮತ ಯಾರದು ಎಂಬ ಪ್ರಶ್ನೆ ಆಂಧ್ರಕ್ಕೆ ಸೀಮಿತವಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರರಾಜ್ಯದಲ್ಲಿ 2010ರ ಜುಲೈ 18ರಂದು ಇದೇ ಜಾತಿಯ ಪ್ರಶ್ನೆ ಜನಮತಗಣನೆಗೆ ಬಂದಿತ್ತು. ಅಲ್ಲಿ ಮಕ್ಕಳು ನಾಲ್ಕನೆಯ ತರಗತಿ ಮುಗಿಸುತ್ತಲೇ ಬೇರೆ ಬೇರೆ ದರ್ಜೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಅದನ್ನು ಆರನೆಯ ತರಗತಿಯವರೆಗೆ ಮುಂದೂಡಿ ಆರು ವರ್ಷಗಳ ಹೊಸ ಪ್ರಾಥಮಿಕ ಶಾಲೆ ತರುವುದು ಸರಕಾರದ ಯೋಜನೆ. ಶಾಸನಸಭೆಯ ಎಲ್ಲ ಪಕ್ಷಗಳೂ ಅದರ ಪರವಾಗಿದ್ದವು. ಗುಪ್ತ ಮತದಾನ ನಡೆಯಿತು. ಪೋಷಕರಷ್ಟೇ ಅಲ್ಲದೆ ಮತದಾರರೆಲ್ಲರೂ ಮತ ಹಾಕಬಹುದಿತ್ತು. ಯೋಜನೆಯ ವಿರುದ್ಧ 2,76,304, ಪರವಾಗಿ 2,18,065 ಮತಗಳು ಬಿದ್ದವು. ಮತದಾನದ ಪ್ರಮಾಣ ಶೇ. 39ರಷ್ಟು.

ವಿಧಾನದ ದೃಷ್ಟಿಯಿಂದ ಆಂಧ್ರದ ಲೋಪಗಳಾವುವೂ ಅಲ್ಲಿರಲಿಲ್ಲ. ಆದರೂ ದೂರು ಉಳಿಯಿತು. ಶ್ರೀಮಂತ ಬಡಾವಣೆಗಳಲ್ಲಿ ಮತದಾನ ಜೋರಾಗಿತ್ತು, ಬಡ ಬಡಾವಣೆಗಳಲ್ಲಿ ನೀರಸವಾಗಿತ್ತು. ಹೊಸ ಶಾಲೆಯಿಂದ ಹೆಚ್ಚು ಪ್ರಯೋಜನವಾಗಬೇಕಿದ್ದ ವಲಸಿಗ ಕುಟುಂಬಗಳ ಅನೇಕ ತಂದೆ ತಾಯಂದಿರಿಗೆ ಜರ್ಮನ್ ಪೌರತ್ವವಿಲ್ಲದ ಕಾರಣ ಮತವೇ ಇರಲಿಲ್ಲ. ಹ್ಯಾಂಬರ್ಗ್‌ನಲ್ಲಿ ಬಡವರ ಧ್ವನಿ ಪೆಟ್ಟಿಗೆಗೆ ತಲುಪಲಿಲ್ಲ. ಆಂಧ್ರದಲ್ಲಿ ಬಡವರನ್ನೇ ಕೇಳಲಾಯಿತಾದರೂ ಕೇಳಿದ ಕೈ ಸರಕಾರದ್ದಾಗಿತ್ತು.

ದೂರದ ರಾಜಕಾರಣ

ಮಾಧ್ಯಮದ ಚರ್ಚೆಯಲ್ಲಿ ಹಿಂದೆ ಸರಿದಿದ್ದ ದೂರದ ಪ್ರಶ್ನೆ ಎರಡು ವರ್ಷಗಳಲ್ಲಿ ಮರಳಿ ಬಂತು. 2022ರ ಜೂನ್‌ನಲ್ಲಿ ಹೊರಟ 117ನೆಯ ಸಂಖ್ಯೆಯ ಆದೇಶದಂತೆ ಪ್ರಾಥಮಿಕ ಶಾಲೆಗಳ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹತ್ತಿರದ ಪ್ರೌಢಶಾಲೆಗಳಿಗೆ ಜೋಡಿಸುವ ಕಾರ್ಯ ನಡೆಯಿತು. ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ ಎಂಬುದು ಅದರ ತರ್ಕ. ಈ ಬಾರಿ ಮನೆ ಮನೆಗೆ ನಮೂನೆ ಹೋಗಲಿಲ್ಲ. ಶಾಲೆ ಆರಂಭವಾಗುವ ಹೊತ್ತಿಗೆ ಅನೇಕ ಊರುಗಳಲ್ಲಿ ಪೋಷಕರು ಶಾಲೆಯ ಗೇಟಿನ ಮುಂದೆ ಕುಳಿತರು. ಹೆದ್ದಾರಿ ದಾಟಬೇಕು, ಹಳ್ಳ ದಾಟಬೇಕು, ಅಕ್ಕ ತಮ್ಮ ಬೇರೆ ಬೇರೆ ಶಾಲೆಗೆ ಹೋಗಬೇಕು ಎಂಬ ದೂರುಗಳಲ್ಲಿ ಮಾಧ್ಯಮದ ಮಾತೇ ಇರಲಿಲ್ಲ. ಎರಡು ವರ್ಷಗಳ ಹಿಂದೆ ಉತ್ಸಾಹದಿಂದ ಇಂಗ್ಲಿಷಿಗೆ ಸಹಿ ಹಾಕಿದವರೂ ಈ ಗುಂಪುಗಳಲ್ಲಿ ಇದ್ದಿರಲೇಬೇಕು.

2024ರ ಜೂನ್‌ನಲ್ಲಿ ಜಗನ್ ಪಕ್ಷ 11 ಸ್ಥಾನಗಳಿಗೆ ಕುಸಿಯಿತು. ಆ ಸೋಲಿಗೆ ಕಾರಣಗಳು ಹಲವು, ಶಾಲೆಯನ್ನು ಮಾತ್ರ ಹೊಣೆಯಾಗಿಸುವುದು ಸರಿಯಲ್ಲ. ಆದರೆ ಶೇ. 96ರ ಬೆಂಬಲ ಪಡೆದ ಯೋಜನೆಯ ಒಡೆಯನಿಗೆ ಆ ಬೆಂಬಲ ಮತಗಟ್ಟೆಯಲ್ಲಿ ನೆರವಾಗಲಿಲ್ಲ ಎಂಬುದು ಗಮನಾರ್ಹ. ಹೊಸ ಸರಕಾರದ ಶಿಕ್ಷಣ ಸಚಿವ ನಾರಾ ಲೋಕೇಶ್ ಅವರ ಇಲಾಖೆ 2025ರಲ್ಲಿ 117ನೆಯ ಆದೇಶವನ್ನು ಕೈಬಿಟ್ಟು, ತರಗತಿಗೊಬ್ಬ ಶಿಕ್ಷಕರಿರುವ ಮಾದರಿ ಪ್ರಾಥಮಿಕ ಶಾಲೆಗಳ ಯೋಜನೆಯನ್ನು ತಂದಿತು. ಯಾವ ಊರಿನ ಶಾಲೆಗೆ ಮಾದರಿ ಪಟ್ಟ, ಯಾವ ಊರಿನ ಮಕ್ಕಳು ಅಲ್ಲಿಗೆ ನಡೆಯಬೇಕು ಎಂಬ ಪ್ರಶ್ನೆ ಅದರಲ್ಲೂ ಇದ್ದೇ ಇದೆ.

ಇಲ್ಲಿನ ಪಾಡು

ಕರ್ನಾಟಕ ಹಿಡಿದ ದಾರಿ ತುಸು ಬೇರೆ. ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರಕಾರ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ಯೋಜನೆ ಪ್ರಕಟಿಸಿದಾಗ, 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ವೇದಿಕೆಯೇ ಚರ್ಚೆಯ ಕಣವಾಯಿತು. ಸಮ್ಮೇಳನಾಧ್ಯಕ್ಷ ಚಂದ್ರಶೇಖರ ಕಂಬಾರರು ಯೋಜನೆಯನ್ನು ವಿರೋಧಿಸಿದರು. ಯೋಜನೆ ನಿಲ್ಲಲಿಲ್ಲ, 2019-20ರಿಂದ ತರಗತಿಗಳು ಆರಂಭವಾದವು. ಆದರೆ ಇವು ಕನ್ನಡ ತರಗತಿಯ ಪಕ್ಕದ ಕೋಣೆಯಲ್ಲಿ ತೆರೆದ ವಿಭಾಗಗಳು. ಆಂಧ್ರದ ನಮೂನೆಯಲ್ಲಿ ಇಲ್ಲದಿದ್ದ ಆಯ್ಕೆ ಇಲ್ಲಿ ಇತ್ತು. ಮುಂದೆ ಬಂದ ಸರಕಾರಗಳು ಇದನ್ನು ದ್ವಿಭಾಷಾ ತರಗತಿಗಳೆಂಬ ಹೆಸರಿನಲ್ಲಿ ವಿಸ್ತರಿಸಿವೆ.

ಇದರಿಂದ ಎಲ್ಲವೂ ಸರಿಹೋಗಿದೆ ಎಂದಲ್ಲ. ಒಂದೇ ಅಂಗಳದಲ್ಲಿ ಎರಡು ಮಾಧ್ಯಮವಿದ್ದು ಶಿಕ್ಷಕರು ಇಬ್ಬರೇ ಇದ್ದರೆ, ವರ್ಷ ಕಳೆದಂತೆ ಕನ್ನಡದ ಕೋಣೆ ತಾನಾಗಿ ಖಾಲಿಯಾಗುತ್ತದೆ. ಅದಕ್ಕೆ ಯಾವ ಆದೇಶವೂ ಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಸಲ್ಲಿಸಿದ ವರದಿಯು ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮವಾಗಿರಬೇಕು ಎಂದು ಶಿಫಾರಸು ಮಾಡಿದೆ. ಶಿಫಾರಸಿಗೂ ಶಿಕ್ಷಣ ಇಲಾಖೆ ತೆರೆಯುತ್ತಿರುವ ದ್ವಿಭಾಷಾ ವಿಭಾಗಗಳಿಗೂ ನಡುವೆ ಇರುವ ಅಂತರವನ್ನು ಯಾವ ಸಚಿವರೂ ಬಾಯಿಬಿಟ್ಟು ವಿವರಿಸುವ ಗೋಜಿಗೆ ಹೋಗುವುದಿಲ್ಲ. ಜೊತೆಗೆ 2014ರ ತೀರ್ಪು ಅಲ್ಲೇ ನಿಂತಿದೆ. ಸರಕಾರಿ ಶಾಲೆಯಲ್ಲಿ ಮಾತ್ರ ಕನ್ನಡ, ಖಾಸಗಿ ಶಾಲೆಗೆ ಸ್ವಾತಂತ್ರ್ಯ ಎಂದಾದರೆ ಜಗನ್ ಕೇಳಿದ ಪ್ರಶ್ನೆಯನ್ನು ಇಲ್ಲಿನ ಬಡವರೂ ಕೇಳುತ್ತಾರೆ.

ಮಂಡಲಕ್ಕೊಂದು ಶಾಲೆಗೆ ಸಮನಾದ ಪ್ರಸ್ತಾಪವೂ ನಮ್ಮಲ್ಲಿದೆ. ಶಿಶುವಿಹಾರದಿಂದ ಪಿಯುವರೆಗೆ ಒಂದೇ ಸೂರಿನಡಿ ಎಂಬ ಕರ್ನಾಟಕ ಪಬ್ಲಿಕ್ ಶಾಲೆಗಳ ಸಂಖ್ಯೆಯನ್ನು ಹೆಚ್ಚಿಸುವ ಘೋಷಣೆ 2025-26ರ ಬಜೆಟ್‌ನಲ್ಲಿ ಬಂದಾಗ ಊರೂರುಗಳಲ್ಲಿ ಸಂತಸವೂ ಇತ್ತು, ಸುತ್ತಲಿನ ಸಣ್ಣ ಶಾಲೆಗಳು ಅದರಲ್ಲಿ ವಿಲೀನವಾಗುತ್ತವೆಯೇ ಎಂಬ ಆತಂಕವೂ ಇತ್ತು. ದೊಡ್ಡ ಶಾಲೆ ತಮ್ಮೂರಿಗೇ ಬರಲಿ ಎಂದು ಶಾಸಕರ ಮನೆಗೆ ಹೋಗುವ ನಿಯೋಗಗಳಿಗೆ ಬರವಿಲ್ಲ. ಶಾಲೆ ಕಳೆದುಕೊಳ್ಳಬಹುದಾದ ಪಕ್ಕದ ಊರಿನ ನಿಯೋಗ ಸಾಮಾನ್ಯವಾಗಿ ಒಂದು ವರ್ಷ ತಡವಾಗಿ ಹೊರಡುತ್ತದೆ.

ಕೇಳುವ ವ್ಯವಸ್ಥೆ ಇಲ್ಲದೆ ಇಲ್ಲ. ಪ್ರತಿ ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಶಿಕ್ಷಣ ಹಕ್ಕು ಕಾಯಿದೆಯ ಆಶಯ. ಹೊಸ ಶಾಲೆ ಎಲ್ಲಿ, ಯಾವ ಮಾಧ್ಯಮ, ಈಗಿನ ಶಾಲೆಯ ಗತಿ ಏನು, ಮಗು ಎಷ್ಟು ದೂರ ನಡೆಯಬೇಕು ಎಂಬ ನಾಲ್ಕೂ ಪ್ರಶ್ನೆಗಳನ್ನು ಒಟ್ಟಿಗೇ ಈ ಸಮಿತಿಗಳ ಮುಂದಿಟ್ಟು, ಉತ್ತರವನ್ನು ಶಾಲೆವಾರು ಪ್ರಕಟಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಸಮಿತಿಯ ಅಧ್ಯಕ್ಷಗಿರಿ ಊರಿನ ಗುಂಪುಗಾರಿಕೆಯ ಸೊತ್ತಾಗಿರುವ ಕಡೆ ಇದೂ ಕೆಡುತ್ತದೆ ನಿಜ. ಆದರೆ ಕೆಟ್ಟದ್ದು ಎಲ್ಲಿ ಎಂದು ಆ ಊರಿಗಾದರೂ ಗೊತ್ತಿರುತ್ತದೆ.

ಇನ್ನುಳಿದದ್ದು ಶೇ. 0.78. ಆಂಧ್ರದ ನಮೂನೆಯಲ್ಲಿ 'ಇತರ ಭಾಷೆ' ಎಂದು ಗುರುತು ಹಾಕಿದ ಸುಮಾರು 14 ಸಾವಿರ ಮಕ್ಕಳ ಈ ಸಾಲಿನಲ್ಲಿ ಉರ್ದು, ತಮಿಳು, ಒಡಿಯಾ ಜೊತೆ ಕನ್ನಡವೂ ಸೇರಿಕೊಂಡಿದೆ. ಬಳ್ಳಾರಿಗೆ ಅಂಟಿಕೊಂಡ ಡಿ. ಹಿರೇಹಾಳ್, ರಾಯದುರ್ಗ, ತುಮಕೂರಿನ ಅಂಚಿನ ಮಡಕಶಿರಾ, ರಾಯಚೂರಿನ ಆಚೆಯ ಆದೋನಿ ಭಾಗಗಳಲ್ಲಿ ಕನ್ನಡ ಶಾಲೆಗಳು ಹಿಂದಿನಿಂದಲೂ ನಡೆದುಬಂದಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ಮಕ್ಕಳ ಸಂಖ್ಯೆಯನ್ನು ಊರುವಾರು ಕೇಳಿ ಪಡೆಯುವ ಕೆಲಸವನ್ನು ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮಾಡಬಹುದು. ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಜೂನ್‌ನಲ್ಲಿ ಆರಂಭವಾಗುತ್ತದೆ.